ಹುಬ್ಬಳ್ಳಿ–ಧಾರವಾಡದ ಸುತ್ತ ವಾಹನಗಳಿಲ್ಲದ ಗರಸು ದಾರಿ: ಇಡೀ ದಿನ ಸೈಕಲ್ ತುಳಿಯಲು ಎಲ್ಲಿಗೆ ಹೋಗಬೇಕು?

ಕೆಲಗೇರಿ ದಂಡೆ | ಆಗಸ್ಟ್ 24

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನಾನು ಧಾರವಾಡದಿಂದ ಅಳ್ನಾವರದ ಕಡೆಗೆ ಡಾಂಬರು ರಸ್ತೆಯಲ್ಲಿ ವಾರಕ್ಕೆರಡು ದಿನ ಸೈಕಲ್ ತುಳಿಯುತ್ತಿದ್ದೇನೆ. ಕಳೆದ ತಿಂಗಳು ಎದುರುಗಡೆಯ ಲಾರಿಯನ್ನು ಹಿಂದಿಕ್ಕಲು ಹೊರಟ ಕಾರೊಂದು ನೇರವಾಗಿ ನನ್ನ ಮುಂದೆಯೇ ಬಂದುದರಿಂದ ರಸ್ತೆ ಬಿಟ್ಟು ಕೆಳಗಿಳಿದು ಹುಣಸೆ ಮರದ ಬುಡದಲ್ಲಿ ಹೋಗಿ ನಿಂತೆ. ಮೈಗೆ ಏನೂ ಆಗಲಿಲ್ಲ. ಅಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಿರುವಾಗ, ಆ ಮರದ ಹಿಂದಿನಿಂದ ಹೊಲಗಳ ನಡುವೆ ಹೊರಟಿದ್ದ ಕೆಂಪು ಗರಸಿನ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ) ದಾರಿಯೊಂದು ಕಣ್ಣಿಗೆ ಬಿತ್ತು. ಆರು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿದ್ದರೂ ನಾನು ಅದನ್ನು ನೋಡಿಯೇ ಇರಲಿಲ್ಲ. ಅಂದು ಆ ದಾರಿಯಲ್ಲಿ ನಾಲ್ಕು ಕಿಲೋಮೀಟರು ಹೋಗಿ ಬಂದೆ. ಎದುರಾದದ್ದು ಒಂದು ಚಕ್ಕಡಿ, ಎರಡು ಎಮ್ಮೆ, ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಒಂದು ಬೈಕು, ಅಷ್ಟೇ.

ಆ ಮೇಲೆ ಸೈಕಲ್ಲಿಗೆ 40 ಮಿ.ಮೀ. ಅಗಲದ ಟೈರು ಹಾಕಿಸಿದ್ದೇನೆ. ನನ್ನ ಕೇಳಿಕೆ ಇಷ್ಟು: ದಿನಕ್ಕೆ 60ರಿಂದ 80 ಕಿ.ಮೀ. ದೂರ, ಡಾಂಬರು ಆದಷ್ಟು ಕಡಿಮೆ, ಕಾರು–ಲಾರಿಗಳ ಕಾಟವಿಲ್ಲದ, ಕಾಡಿನ ಅಂಚನ್ನೋ ಹೊಳೆಯ ದಂಡೆಯನ್ನೋ ಹಿಡಿದು ಸಾಗುವ ದಾರಿ ನಮ್ಮ ಭಾಗದಲ್ಲಿ ಎಲ್ಲಿದೆ? ಮನಸ್ಸಿನಲ್ಲಿ ಒಂದು ಕಲ್ಪನೆಯಿದೆ. ಶಾಲ್ಮಲೆ ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುತ್ತಾಳೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಕೋಡಿಯ ನೀರು ನಗರದ ನಡುವಿನ ನಾಲೆಯಾಗಿ ಹರಿದು ಬೇಡ್ತಿಯಾಗುತ್ತದೆ. ಇವೆರಡೂ ಕಲಘಟಗಿಯ ಕಡೆ ಕೂಡಿ, ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತವೆ. ನಮ್ಮ ಮನೆಯ ಹತ್ತಿರ ಹುಟ್ಟಿದ ನೀರಿನ ಜೊತೆಯಲ್ಲೇ, ಡಾಂಬರನ್ನು ಮುಟ್ಟದೆ, ಕಲಘಟಗಿಯವರೆಗಾದರೂ ಹೋಗಲು ಸಾಧ್ಯವೇ? ಉಪಗ್ರಹದ ನಕಾಶೆಯಲ್ಲಿ ದಾರಿಗಳು ಕಾಣುತ್ತವೆ. ಆದರೆ ನಕಾಶೆಯಲ್ಲಿ ಕಂಡದ್ದೆಲ್ಲ ತುಳಿಯಲು ಆಗುವುದಿಲ್ಲವೆಂಬುದು ಈಗಾಗಲೇ ಎರಡು ಸಲ ಗೊತ್ತಾಗಿದೆ.

ಎರೆಹೊಲ | ಆಗಸ್ಟ್ 25

ನಾನು ನವಲಗುಂದದ ಕಡೆಯ ರೈತ, ಸೈಕಲ್ ಕ್ಲಬ್ಬಿನವನಲ್ಲ. ನಕಾಶೆ ನೋಡುವ ಮೊದಲು ಮಣ್ಣು ನೋಡಿರಿ ಎಂದು ಹೇಳಲು ಬರೆಯುತ್ತಿದ್ದೇನೆ. ಧಾರವಾಡ–ಹುಬ್ಬಳ್ಳಿಯ ಹೆದ್ದಾರಿಯನ್ನು ಒಂದು ಗೆರೆಯೆಂದು ತಿಳಿದುಕೊಂಡರೆ, ಅದರ ಪಡುವಲಿಗೆ ಮಸಾರಿ ಮತ್ತು ಕೆಂಪು ಜಂಬಿಟ್ಟಿಗೆ ಮಣ್ಣು, ಮೂಡಲಿಗೆ ಎರೆ, ಅಂದರೆ ಕರಿ ಮಣ್ಣು. ಗೆರೆ ಅಷ್ಟು ನೆಟ್ಟಗಿಲ್ಲವೆಂಬುದು ನನಗೂ ಗೊತ್ತು, ಆದರೆ ಸೈಕಲ್ಲಿನವರಿಗೆ ಅಷ್ಟು ಸಾಕು. ಕೆಂಪು ಮಣ್ಣಿನ ದಾರಿ ಮಳೆ ನಿಂತ ಎರಡು ತಾಸಿಗೆ ಗಟ್ಟಿಯಾಗುತ್ತದೆ. ಎರೆಯ ದಾರಿಯಲ್ಲಿ ಒಂದು ಹದ ಮಳೆಯಾದರೆ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಕಟ್ಟಿಗೂ ನಡುವೆ ಮಣ್ಣು ಗಿಡಿದು ಗಾಲಿ ತಿರುಗುವುದೇ ನಿಲ್ಲುತ್ತದೆ. ಆ ಮೇಲೆ ಸೈಕಲ್ಲಿನ ಮೇಲೆ ನೀವಲ್ಲ, ನಿಮ್ಮ ಮೇಲೆ ಸೈಕಲ್ಲು. ಬೆಣ್ಣಿಹಳ್ಳದ ಆಸುಪಾಸಿನಲ್ಲಂತೂ ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಹಳ್ಳದ ಮೇಲ್ಭಾಗವಾದ ಶಿಗ್ಗಾಂವಿಯ ಕಡೆ ಸುರಿದ ಮಳೆಯೇ ಸಂಜೆಗೆ ದಾರಿ ಕಟ್ಟುತ್ತದೆ.

ಹಾಗೆಂದು ಎರೆ ನಾಡನ್ನು ಬಿಡಬೇಕಾಗಿಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಈ ದಾರಿಗಳು ಒಳ್ಳೆಯ ಡಾಂಬರಿಗಿಂತ ಮೆತ್ತಗಿರುತ್ತವೆ, ಚಕ್ಕಡಿಯ ಗಾಲಿ ಉಜ್ಜಿ ನುಣ್ಣಗಾದ ಜಾಡು ಗಾಜಿನಂತೆ ಹೊಳೆಯುತ್ತದೆ. ಬೇಸಿಗೆಯಲ್ಲಿ ಭೂಮಿ ಬಿರಿಯುತ್ತದೆ, ಕೆಲವು ಬಿರುಕುಗಳಲ್ಲಿ ಮುಂದಿನ ಗಾಲಿ ಇಳಿಯುವುದಕ್ಕೆ ಧಾರಾಳ ಜಾಗವಿರುತ್ತದೆ.

ಇನ್ನೊಂದು ಮಾತನ್ನು ಬೇಸರವಿಲ್ಲದೆ ಕೇಳಬೇಕು. ನೀವು ದಾರಿಯೆಂದು ನೋಡುವುದು ಎಷ್ಟೋ ಕಡೆ ಇಬ್ಬರು ಹೊಲದವರು ಒಪ್ಪಿಕೊಂಡು ಬಿಟ್ಟುಕೊಟ್ಟ ಎಂಟೊಂಬತ್ತು ಅಡಿ ಜಾಗ. ಹಿಂಗಾರಿ ಬಿತ್ತನೆಯಾದ ಮೇಲೆ ಅದು ಅಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಮೊಬೈಲಿನಲ್ಲಿ ಗೆರೆ ಇದೆಯೆಂದು ಕಡಲೆಯ ಸಾಲಿನಲ್ಲಿ ಸೈಕಲ್ ಹಾಯಿಸಿದರೆ ಯಾವ ರೈತನೂ ಮೆಚ್ಚುವುದಿಲ್ಲ.

ನಿವೃತ್ತ ಓವರ್‌ಸಿಯರ್ | ಆಗಸ್ಟ್ 25

ಎರೆಹೊಲ ಅವರ ಮಾತು ಪೂರ್ತಿ ನಿಜ, ಆದರೆ ಅದಕ್ಕೆ ಒಂದು ಅಪವಾದವಿದೆ. ಆ ಅಪವಾದವನ್ನು ಕಟ್ಟುವುದರಲ್ಲೇ ನನ್ನ ನೌಕರಿಯ ಬಹುಭಾಗ ಕಳೆದುಹೋಗಿದೆ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ಬಲದಂಡೆ ಕಾಲುವೆ ನವಲಗುಂದ, ನರಗುಂದಗಳ ಎರೆ ಭೂಮಿಯಲ್ಲಿ ಹಾಯುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಗೆ ಉಬ್ಬುವಾಗ ಕಾಲುವೆಯ ಹಾಸನ್ನು (ಒಳಮೈಗೆ ಹೊದಿಸಿದ ಗಟ್ಟಿ ಪದರವನ್ನು) ಹಿಂದಿನಿಂದ ದೂಡಿ ಒಡೆದುಬಿಡುತ್ತದೆ. ಇದಕ್ಕೆ ಪರಿಹಾರವಾಗಿ, ಎರೆಗೂ ಹಾಸಿಗೂ ನಡುವೆ ಉಬ್ಬದ ಜಿಗುಟು ಮಣ್ಣಿನ ದಪ್ಪ ಪದರವೊಂದನ್ನು ಕೂರಿಸುವ ವಿಧಾನವನ್ನು ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ರೂಪಿಸಿದರು. ಮಲಪ್ರಭಾ ಕಾಲುವೆಯು ಆ ವಿಧಾನ ಬಳಕೆಯಾದ ಕಾಮಗಾರಿಗಳಲ್ಲಿ ಒಂದು. ಎರೆ ನಾಡಿನಲ್ಲಿ ಅಂಥ ಮಣ್ಣು ಸಿಗದಿದ್ದುದರಿಂದ ಅದನ್ನು ಗುಡ್ಡಗಳಿಂದ ಅಗೆದು ತರಬೇಕಾಗಿತ್ತು. ದಂಡೆಯ ಮೇಲಿನ ತಪಾಸಣಾ ರಸ್ತೆಗೂ ನಾವು ಗರಸನ್ನೇ ಹಾಸಿ ರೋಲರು ಹೊಡೆಸುತ್ತಿದ್ದೆವು. ಹೀಗಾಗಿ ಎರಡೂ ಬದಿಗೆ ಕರಿ ನೆಲ, ನಡುವೆ ಹೊರಗಿನಿಂದ ಬಂದ ಕೆಂಪು ಮಣ್ಣಿನ ಪಟ್ಟಿ. ನಿಮ್ಮ ಅಗಲ ಟೈರಿಗೆ ಬೇಕಾದುದು ಅದೇ.

ಏರು–ಇಳಿವಿನ ಚಿಂತೆಯೂ ಇಲ್ಲ. ದೊಡ್ಡ ಕಾಲುವೆಯ ಇಳಿಜಾರು ಕಿಲೋಮೀಟರಿಗೆ ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸಿನಲ್ಲಿರುತ್ತದೆ. ನೀರಿಗೆ ಅಷ್ಟು ಸಾಕು. ನಿಮಗೆ ಅದು ಇಳಿಜಾರೆಂದು ತಿಳಿಯುವುದೂ ಇಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಾ ಮೇಲ್ದಂಡೆ ಕಾಲುವೆಯ ದಂಡೆಯಲ್ಲೂ ಇಂಥ ದಾರಿಯಿದೆ.

ಆದರೆ ಅದು ಸಾರ್ವಜನಿಕ ರಸ್ತೆಯಲ್ಲ, ನೀರಾವರಿ ನಿಗಮದ ಆಸ್ತಿ. ರೈತರು ಓಡಾಡುವುದನ್ನು ಯಾರೂ ತಡೆಯುವುದಿಲ್ಲ. ಹತ್ತು ಜನ ಬಣ್ಣದ ಅಂಗಿ ತೊಟ್ಟು ಒಟ್ಟಿಗೆ ಬಂದರೆ ಮಾತ್ರ ಕಾಲುವೆ ನೋಡಿಕೊಳ್ಳುವ ಸೌಡಿಯಾದವನು ನಿಲ್ಲಿಸಿ ಕೇಳುತ್ತಾನೆ, ಕೇಳಬೇಕಾದದ್ದು ಅವನ ಕೆಲಸ. ಮೊದಲೇ ಉಪವಿಭಾಗದ ಕಚೇರಿಗೆ ಒಂದು ಅರ್ಜಿ ಕೊಡುವುದು ಲೇಸು. ಕಾಲುವೆಗೆ ನೀರು ಬಿಟ್ಟಾಗ ಅಂಚಿನಿಂದ ದೂರವಿರಿ. ಹಾಸಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಈಜು ಬಂದವನೂ ಹಗ್ಗವಿಲ್ಲದೆ ಮೇಲೇರಲಾರ. ನಾನು ಕಂಡದ್ದನ್ನು ಇಲ್ಲಿ ಬರೆಯಲಾರೆ.

ಕರ್ಜಗಿ ಸ್ಟೇಷನ್ | ಆಗಸ್ಟ್ 27

ಕಾಲುವೆಯ ದಾರಿ ಚೆನ್ನಾಗಿದೆ, ಆದರೆ ಎರಡನೆಯ ತಾಸಿಗೇ ಬೇಸರ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹೊಳೆಗೆ ಇರುವ ತಿರುವುಗಳು ಕಾಲುವೆಗೆ ಇಲ್ಲ. ತಾವು ಹೊಳೆಯ ಕಣಿವೆ ಕೇಳಿದ್ದೀರಿ, ಆದ್ದರಿಂದ ವರದೆಯನ್ನು ಹೇಳುತ್ತೇನೆ. ಸಾಗರದ ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿಯನ್ನು ಸೇರಿಸಿಕೊಂಡು, ನಮ್ಮ ಕರ್ಜಗಿಯ ಪಕ್ಕದಲ್ಲಿ ಹಾದು, ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುವ ಹೊಳೆ ಇದು. ಕರ್ಜಗಿಯಿಂದ ಗಳಗನಾಥದವರೆಗೆ ದಂಡೆಯ ಊರುಗಳನ್ನು ಕೂಡಿಸುವ ಹೊಲದ ದಾರಿಗಳು ತುಂಡುತುಂಡಾಗಿ ಇವೆ. ಬಾಂದಾರದ (ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿನ) ಮೇಲಿನ ಸೇತುವೆಗಳಿಂದ ಈ ದಂಡೆಯಿಂದ ಆ ದಂಡೆಗೆ ದಾಟುತ್ತ ಹೋಗಬಹುದು. ಜುಲೈ, ಆಗಸ್ಟಿನಲ್ಲಿ ಆ ಸೇತುವೆಗಳು ನೀರಿನಲ್ಲಿ ಮುಳುಗಿರುತ್ತವೆ. ಮುಳುಗಿದ ಸೇತುವೆಯನ್ನು ಸೈಕಲ್ ಹೊತ್ತು ದಾಟುವ ಧೈರ್ಯವನ್ನು ಯಾರೂ ಮಾಡಬಾರದು.

ಡಿಸೆಂಬರಿನಲ್ಲಿ ಬಂದರೆ ನಾನೂ ಜೊತೆಗೆ ಬರುತ್ತೇನೆ. ನನ್ನದು ತಂದೆಯವರ ಕಾಲದ ಕರಿ ಸೈಕಲ್ಲು, ತಮ್ಮ ವೇಗ ನನಗಿಲ್ಲ.

ಅಲೆಘೆನಿಯ ಧಾರವಾಡಿಗ | ಆಗಸ್ಟ್ 30

ನಾನು ಮಾಳಮಡ್ಡಿಯಲ್ಲಿ ಬೆಳೆದವನು, ಈಗ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದೇನೆ. ಕಾಲುವೆಯ ದಾರಿ, ಹೊಳೆಯ ದಾರಿ ಎಂಬ ಮಾತು ಬಂದುದರಿಂದ ಇಲ್ಲಿಯದನ್ನು ಹೇಳಬೇಕೆನ್ನಿಸಿತು. ನಮ್ಮ ಊರಿನಿಂದ ಕಂಬರ್‌ಲ್ಯಾಂಡ್ ಎಂಬ ಊರಿನವರೆಗೆ 241 ಕಿ.ಮೀ. ಉದ್ದದ ಗ್ರೇಟ್ ಅಲೆಘೆನಿ ಪ್ಯಾಸೇಜ್ ಎಂಬ ದಾರಿಯಿದೆ. ರೈಲು ಓಡಾಟ ನಿಂತುಹೋದ ಹಳಿಗಳನ್ನು ಕಿತ್ತು, ಆ ಜಾಗಕ್ಕೆ ಸುಣ್ಣಕಲ್ಲಿನ ಸಣ್ಣ ಪುಡಿಗಡಿ ಹಾಸಿ ಮಾಡಿದ್ದು. ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಕಂಬರ್‌ಲ್ಯಾಂಡಿನಿಂದ ಮುಂದೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ಚೆಸಪೀಕ್ ಮತ್ತು ಓಹಾಯೊ ಕಾಲುವೆಯ ದಂಡೆ ಹಿಡಿದರೆ ಇನ್ನೂ 297 ಕಿ.ಮೀ. ಸಾಗಿ ವಾಷಿಂಗ್ಟನ್ ತಲುಪಬಹುದು. ಹೇಸರಗತ್ತೆಗಳು ದೋಣಿಗಳಿಗೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿದ್ದ ದಾರಿ ಅದು. 1924ರಲ್ಲಿ ದೋಣಿಗಳು ನಿಂತವು. ಮುಂದೆ ಅದರ ಮೇಲೆ ಕಾರುಗಳ ರಸ್ತೆ ಮಾಡುವ ಯೋಜನೆ ಬಂದಾಗ, 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ಪತ್ರಿಕೆಯವರನ್ನು ಕರೆದುಕೊಂಡು ಕಾಲುವೆಯ ಉದ್ದಕ್ಕೂ ನಡೆದೇ ತೋರಿಸಿದರು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಈ ದಾರಿಯಲ್ಲಿ ಸಮುದ್ರಮಟ್ಟದಿಂದ 729 ಮೀಟರ್ ಎತ್ತರದ ಒಂದು ಜಾಗವಿದೆ. ಅದರ ಒಂದು ಬದಿಯ ನೀರು ಅಟ್ಲಾಂಟಿಕ್ ಕಡೆಗೂ ಇನ್ನೊಂದು ಬದಿಯದು ಮೆಕ್ಸಿಕೊ ಕೊಲ್ಲಿಗೂ ಹೋಗುತ್ತದೆ. ಅಲ್ಲಿ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆದಿದ್ದಾರೆ, ಎಲ್ಲರೂ ಸೈಕಲ್ ಒರಗಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿರುವ ನಮ್ಮ ಧಾರವಾಡವೂ ಅಂಥದೇ ಜಾಗ. ಪಡುವಲಿನ ನೀರು ಶಾಲ್ಮಲೆಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಮೂಡಲಿನದು ಮಲಪ್ರಭೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ. ನಾನು ಹದಿನೆಂಟು ವರ್ಷ ಅದರ ಮೇಲೆ ಶಾಲೆಗೆ ನಡೆದಿದ್ದೇನೆ, ಒಬ್ಬ ಮೇಷ್ಟರೂ ಹೇಳಲಿಲ್ಲ.

ಮುಂಡರಗಿ ಗಾಳಿ | ಆಗಸ್ಟ್ 31

ಅಲ್ಲಿಯ ಹೋಲಿಕೆ ಕೇಳಲು ಚಂದ, ಆದರೆ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ಅಲ್ಲಿ ದೋಣಿ ನಿಂತಿತು, ರೈಲು ನಿಂತಿತು, ಉಳಿದ ದಾರಿ ಸೈಕಲ್ಲಿಗೆ ಸಿಕ್ಕಿತು. ನಮ್ಮ ಕಾಲುವೆಯಲ್ಲಿ ನೀರು ಇನ್ನೂ ಹರಿಯುತ್ತಿದೆ, ದಂಡೆಯ ಮೇಲೆ ಟ್ರ್ಯಾಕ್ಟರು ಇನ್ನೂ ಓಡಾಡುತ್ತಿದೆ. ಕೆಲಸದಲ್ಲಿರುವ ದಾರಿಯನ್ನು ನಾವು ಬರಿದೆ ತುಳಿದು ಬರುತ್ತೇವೆ, ಅಷ್ಟೇ. ತುಂಗಭದ್ರೆಯ ದಂಡೆಯಲ್ಲಿ ಮರಳಿನ ಟಿಪ್ಪರುಗಳಿವೆ, ಅವುಗಳ ಮುಂದೆ ಅಳ್ನಾವರದ ಲಾರಿಗಳು ಸಾಧು.

ಗದಗಿನ ಕಡೆಯ ಮಾಹಿತಿಯನ್ನು ನಾನು ಕೊಡುತ್ತೇನೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳಿಗಾಗಿ ಕಡಿದ ಗರಸಿನ ರಸ್ತೆಗಳು ಬಹಳ ಇವೆ. ದೂರದಿಂದ ನೋಡಿದರೆ ಸೈಕಲ್ಲಿಗೆಂದೇ ಮಾಡಿದಂತಿವೆ. ಆದರೆ 2019ರಲ್ಲಿ ಕಪ್ಪತಗುಡ್ಡದ 244 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೆಯ ಕಲಮಿನಂತೆ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಬಿಟ್ಟರೆ ಹೊರಗಿನವರು ಪರವಾನಗಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಚಿರತೆ, ಕತ್ತೆಕಿರುಬ, ತೋಳಗಳಿರುವ ಗುಡ್ಡ ಅದು. ಆದ್ದರಿಂದ ನಾವು ಡಂಬಳ, ಡೋಣಿಯ ರಸ್ತೆಗಳಲ್ಲಿ ಗುಡ್ಡವನ್ನು ಬಳಸಿ ಹೋಗುತ್ತೇವೆ, ಮೇಲೇರುವುದಿಲ್ಲ. ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಬನ್ನಿರಿ. ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ. 2024ರಿಂದ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ.

ಗಾಳಿಯ ಲೆಕ್ಕವನ್ನೂ ಹಾಕಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಡುವಣ ಗಾಳಿ ಹುಬ್ಬಳ್ಳಿಯಿಂದ ಗದಗಿಗೆ ಬೆನ್ನು ತಟ್ಟಿ ಕಳಿಸುತ್ತದೆ. ಅದೇ ದಾರಿಯಲ್ಲಿ ಹಿಂದಿರುಗಿದರೆ ಪಡೆದದ್ದನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಬುದ್ಧಿವಂತರು ಗದಗಿನಲ್ಲಿ ಸೈಕಲ್ಲನ್ನು ರೈಲಿಗೆ ಹಾಕುತ್ತಾರೆ.

ತಂಬೂರು ಹಾದಿ | ಸೆಪ್ಟೆಂಬರ್ 2

ಕೆಲಗೇರಿ ದಂಡೆಯವರ ಮೂಲ ಪ್ರಶ್ನೆಗೆ, ಅಂದರೆ ಕಲಘಟಗಿಯ ಕಡೆಗೆ ಬರುತ್ತೇನೆ. ಊರಿನಿಂದ ಊರಿಗೆ ಹೋಗುವ ಕೆಂಪು ರಸ್ತೆಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಭತ್ತದ ಗದ್ದೆ, ಸಾಗುವಾನಿಯ ನೆಡುತೋಪು, ಕೆರೆಯ ಏರಿ, ಮತ್ತೆ ಕಾಡು ಎಂಬ ಕ್ರಮದಲ್ಲಿ ಅವು ಸಾಗುತ್ತವೆ. ಆದರೆ ಹೊಳೆಯ ಗುಂಟ ನಿರಂತರವಾದ ದಾರಿಯಿಲ್ಲ. ಶಾಲ್ಮಲೆ ಇಲ್ಲಿ ಬಹುಪಾಲು ಹಳ್ಳವೇ. ಅದರ ಎರಡೂ ಬದಿ ಒಡೆಯರಿರುವ ಜಮೀನು. ಬೇಡ್ತಿಯ ಬಗ್ಗೆ ಹೇಳಲು ಸಂಕೋಚವಾಗುತ್ತದೆ: ಹುಬ್ಬಳ್ಳಿಯ ಕೊಳೆನೀರು ಹೊತ್ತು ಬರುವ ಆ ಹೊಳೆಯ ದಂಡೆಯಲ್ಲಿ ಬೇಸಿಗೆಯ ದಿನ ಮೂಗು ಮುಚ್ಚಿಕೊಂಡು ಸೈಕಲ್ ತುಳಿಯಬೇಕಾಗುತ್ತದೆ. ಕಾಡು ಚೆಂದ, ಹೊಳೆ ಹೀಗೆ.

ಕಾಡಿನ ವಿಷಯದಲ್ಲಿ ಎರಡು ಎಚ್ಚರಿಕೆ. ಊರುಗಳನ್ನು ಕೂಡಿಸುವ ರಸ್ತೆ ಬೇರೆ, ಅರಣ್ಯ ಇಲಾಖೆ ಬೆಂಕಿ ತಡೆಗಾಗಿ ಮತ್ತು ಗಸ್ತಿಗಾಗಿ ಮಾಡಿಕೊಂಡ ದಾರಿ ಬೇರೆ. ಎರಡನೆಯದಕ್ಕೆ ಗೇಟು ಇಲ್ಲದಿದ್ದರೂ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ವಲಯ ಅರಣ್ಯಾಧಿಕಾರಿಯವರನ್ನು ಮೊದಲೇ ಕಂಡರೆ ಯಾವ ದಾರಿ ತೆರೆದಿದೆ ಎಂದು ಅವರೇ ಹೇಳುತ್ತಾರೆ. ಇನ್ನೊಂದು, ಆನೆ. ಭತ್ತ ಬಲಿಯುವ ಹೊತ್ತಿಗೆ, ನವೆಂಬರ್–ಡಿಸೆಂಬರಿನಲ್ಲಿ, ದಾಂಡೇಲಿಯ ಕಡೆಯಿಂದ ಆನೆಗಳು ಬರುತ್ತವೆ. ಆ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ನಾವೇ ಆ ದಾರಿಗಳಲ್ಲಿ ಹೋಗುವುದಿಲ್ಲ. ಬೈಕಿನ ಸದ್ದು ಆನೆಗೆ ದೂರದಿಂದ ಕೇಳಿಸುತ್ತದೆ, ಸೈಕಲ್ಲಿಗೆ ಸದ್ದಿಲ್ಲ. ನಿಮಗೆ ಇಷ್ಟವಾದ ಆ ಗುಣವೇ ತಿರುವಿನಲ್ಲಿ ಆನೆಯೆದುರು ನಿಮ್ಮನ್ನು ತಂದು ನಿಲ್ಲಿಸೀತು.

ಮಳೆ ನಿಂತ ಅಕ್ಟೋಬರ್ ನಮ್ಮ ಕಡೆಗೆ ಒಳ್ಳೆಯ ತಿಂಗಳು. ಆ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಹಳಿಯಾಳದ ದಾರಿ ಹಿಡಿಯುತ್ತವೆ. ಕೆಂಪು ರಸ್ತೆಯ ಧೂಳು ಹಿಟ್ಟಾಗುತ್ತದೆ.

ಪಂಕ್ಚರ್ ಪೆಟ್ಟಿಗೆ | ಸೆಪ್ಟೆಂಬರ್ 5

ಟೈರಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಭಾಗದಲ್ಲಿ ಕಲ್ಲಿಗಿಂತ ಮುಳ್ಳು ದೊಡ್ಡ ಶತ್ರು. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ನೇರವಾಗಿ ಇಳಿಯುತ್ತದೆ. ನೆಗ್ಗಿಲ ಮುಳ್ಳು ಸಣ್ಣದು, ಆದರೆ ಹೇಗೆ ಬಿದ್ದರೂ ಒಂದು ಮೊನೆ ಮೇಲೆ ಇರುತ್ತದೆ, ಒಂದೇ ಕಡೆ ಹತ್ತಾರು ಚುಚ್ಚುತ್ತವೆ. ಟ್ಯೂಬು ಹಾಕಿಕೊಂಡವರು ನವಲಗುಂದದ ಬದಿಗಳಲ್ಲಿ ದಿನಕ್ಕೆ ನಾಲ್ಕು ಸಲ ಪಂಕ್ಚರ್ ತಿದ್ದುತ್ತ ಕೂರುತ್ತಾರೆ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ. ಆದರೆ ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುವುದರಿಂದ ಎರಡು–ಮೂರು ತಿಂಗಳಿಗೊಮ್ಮೆ ನೋಡಬೇಕು. ಚುಚ್ಚಿದ ಮುಳ್ಳನ್ನು ಕೂಡಲೇ ಕೀಳಬೇಡಿ, ತೂತನ್ನು ಕೆಳಗೆ ತಿರುಗಿಸಿ ದ್ರವ ಅಲ್ಲಿಗೆ ಇಳಿದ ಮೇಲೆ ಕೀಳಿರಿ. 40 ಮಿ.ಮೀ. ಟೈರಿಗೆ 70 ಕಿಲೋ ತೂಕದವರಿಗೆ 35 ಪಿಎಸ್‌ಐ ಹವಾ ಸಾಕು. ಗರಸಿನ ಮೇಲೆ ಹೆಚ್ಚು ಹವಾ ಹಾಕಿದರೆ ವೇಗ ಬರುವುದಿಲ್ಲ, ಮೊಣಕೈ ನೋವು ಬರುತ್ತದೆ.

ಕರ್ಜಗಿ ಸ್ಟೇಷನ್ ಅವರು ತಮ್ಮ ಕರಿ ಸೈಕಲ್ಲಿನ ಬಗ್ಗೆ ಸಂಕೋಚಪಡಬೇಕಾಗಿಲ್ಲ. 28 ಇಂಚು, ಒಂದೂವರೆ ಇಂಚಿನ ಆ ಟೈರಿನ ಅಗಲವನ್ನು ಅಳೆದರೆ ಸುಮಾರು 40 ಮಿ.ಮೀ. ಬರುತ್ತದೆ. ಈಗ ಗ್ರಾವೆಲ್ ಸೈಕಲ್ ಎಂದು ನಾವು ದುಡ್ಡು ಸುರಿದು ತರುವ ಟೈರೂ ಅಷ್ಟೇ ಅಗಲ. ಈ ದಾರಿಗಳಿಗೆ ಯಾವ ಟೈರು ಬೇಕೆಂಬುದು ಹಾಲಿನವರಿಗೂ ಅಂಚೆಯವರಿಗೂ ಮೊದಲೇ ಗೊತ್ತಿತ್ತು.

ಕೆಲಗೇರಿ ದಂಡೆ | ಡಿಸೆಂಬರ್ 22

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹೊಳೆಯ ಜೊತೆ ಕಲಘಟಗಿಗೆ ಹೋಗುವ ಕಲ್ಪನೆಯನ್ನು ಸದ್ಯಕ್ಕೆ ಬಿಟ್ಟೆ. ಅಕ್ಟೋಬರಿನಲ್ಲಿ ತಂಬೂರು ಹಾದಿಯವರು ಹೇಳಿದ ಊರ ರಸ್ತೆಗಳಲ್ಲಿ ಎರಡು ದಿನ ಸುತ್ತಿದೆ. ಅದರ ಬಗ್ಗೆ ಬೇರೆಯೇ ಬರೆಯುತ್ತೇನೆ. ಕಳೆದ ರವಿವಾರ ಕರ್ಜಗಿ ಸ್ಟೇಷನ್ ಅವರ ಜೊತೆ ವರದೆಯ ದಂಡೆಯಲ್ಲಿ ಗಳಗನಾಥಕ್ಕೆ ಹೋಗಿ ಬಂದೆವು.

ಒಟ್ಟು 58 ಕಿ.ಮೀ. ಆಯಿತು, ಅದರಲ್ಲಿ 19 ಡಾಂಬರು. ಬೆಳಗಿನ ಮಂಜಿನಲ್ಲಿ ಮೊದಲ ಒಂದೂವರೆ ತಾಸು ಕಬ್ಬು ಮತ್ತು ಗೋವಿನಜೋಳದ ನಡುವಿನ ದಾರಿ. ಎಡಕ್ಕೆ ಹೊಳೆ ಕಾಣುವುದಿಲ್ಲ, ಆದರೆ ಪಂಪ್‌ಸೆಟ್ಟುಗಳ ಸದ್ದಿನಿಂದ ಅದು ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತಿತ್ತು. ಹೊಳೆಗೆ ಇಳಿಯುವ ಹಳ್ಳಗಳು ನಾಲ್ಕು ಕಡೆ ದಾರಿಯನ್ನು ಆಳವಾಗಿ ಕೊರೆದಿದ್ದವು. ಅಲ್ಲೆಲ್ಲ ಸೈಕಲ್ ಹೊತ್ತೆವು. ನನ್ನದು ಹನ್ನೊಂದು ಕಿಲೋ, ಅವರದು ಇಪ್ಪತ್ತಕ್ಕಿಂತ ಹೆಚ್ಚು. ಹೊತ್ತುಕೊಂಡು ಮೊದಲು ದಂಡೆ ಹತ್ತಿದವರು ಅವರೇ. ಮಧ್ಯಾಹ್ನದ ಹೊತ್ತಿಗೆ ನನಗೆ ಎರಡು ಪಂಕ್ಚರ್ ಆಗಿದ್ದವು, ಅವರಿಗೆ ಒಂದೂ ಇಲ್ಲ. ಟ್ಯೂಬ್‌ಲೆಸ್ ಮಾಡಿಸುವುದನ್ನು ಮುಂದೂಡಿದ್ದಕ್ಕೆ ತಕ್ಕ ಶಿಕ್ಷೆಯಾಯಿತು.

ವಾಹನವಿಲ್ಲದ ದಾರಿ ಎಂಬ ನನ್ನ ಮಾತಿಗೆ ಅಲ್ಲಿ ಬೇರೆಯೇ ಅರ್ಥ ಸಿಕ್ಕಿತು. ಒಂದು ಊರಿನ ಡಾಂಬರು ರಸ್ತೆಯ ಅರ್ಧ ಭಾಗಕ್ಕೆ ಗೋವಿನಜೋಳ ಹರಡಿ ಒಣಹಾಕಿದ್ದರು, ಎರಡೂ ತುದಿಗೆ ಕಲ್ಲು ಇಟ್ಟಿದ್ದರು. ಬಸ್ಸು ಬಂದರೆ ಮಾತ್ರ ಕಲ್ಲು ಸರಿಯುತ್ತಿತ್ತು. ನಾವು ಇಳಿದು ಅಂಚಿನಲ್ಲಿ ಸೈಕಲ್ ದೂಡಿಕೊಂಡು ಹೋದುದನ್ನು ನೋಡಿ, ಕಾಳು ಹೊರಳಿಸುತ್ತಿದ್ದ ಅಜ್ಜಿಯೊಬ್ಬರು ಕರೆದು ನೀರು ಕೊಟ್ಟು, ಎಲ್ಲಿಯವರು, ಏತಕ್ಕೆ ಹೊರಟವರು ಎಂದು ಕೇಳಿದರು. ಹೊಳೆ ನೋಡಲು ಎಂದೆ. ಹೊಳೆಯಲ್ಲಿ ನೋಡುವುದೇನಿದೆ ಎಂದರು. ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ.

ಗಳಗನಾಥದ ಗಳಗೇಶ್ವರ ಗುಡಿಯನ್ನು ಹಿಂಬದಿಯಿಂದ ನೋಡಿದರೆ, ಗರ್ಭಗುಡಿಯ ಬುಡವು ಮೆಟ್ಟಿಲುಮೆಟ್ಟಿಲಾಗಿ ಪಿರಮಿಡ್ಡಿನಂತೆ ಏರಿದೆ. ಹೊಳೆಯ ಅಂಚಿನ ಕಟ್ಟಡಕ್ಕೆ ಅಷ್ಟು ಅಗಲದ ತಳ ಏಕೆ ಬೇಕಾಯಿತೆಂದು, ದಿನವಿಡೀ ಹಳ್ಳದ ಕೊರಕಲು ದಾಟಿ ಬಂದವನಿಗೆ ಯಾರೂ ವಿವರಿಸಬೇಕಾಗಿಲ್ಲ. ಎರಡು ನದಿ ಕೂಡುವಲ್ಲಿ ಕಾಲು ಇಳಿಬಿಟ್ಟು ಕುಳಿತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹಿಂದಿರುಗುವಾಗ ಗುತ್ತಲದಲ್ಲಿ ಗಿರ್ಮಿಟ್, ಮಿರ್ಚಿ.

ನಿವೃತ್ತ ಓವರ್‌ಸಿಯರ್ | ಡಿಸೆಂಬರ್ 22

ಓದಿ ಸಂತೋಷವಾಯಿತು. ನಾಲ್ಕು ಹಳ್ಳಗಳ ಜಾಗವನ್ನು ನಕಾಶೆಯಲ್ಲಿ ಗುರುತು ಮಾಡಿ ಇಲ್ಲಿ ಹಾಕಿದರೆ ಮುಂದಿನವರಿಗೆ ಅನುಕೂಲ. ಮಳೆಗಾಲ ಕಳೆದ ಮೇಲೆ ಕೊರಕಲು ಜಾಗ ಬದಲಿಸುತ್ತದೆ, ಆದ್ದರಿಂದ ತಾರೀಖನ್ನೂ ಬರೆಯಿರಿ.

ಎರೆಹೊಲ | ಡಿಸೆಂಬರ್ 23

ಜನವರಿಯಲ್ಲಿ ನಮ್ಮ ಕಡೆ ಬರುವ ವಿಚಾರವಿದ್ದರೆ ಕಡಲೆ ಕೀಳುವ ಮೊದಲು ಬನ್ನಿರಿ, ಸುಲಗಾಯಿ (ಹಸಿ ಕಡಲೆಕಾಯಿ) ಆಗಿರುತ್ತದೆ. ಕಾಲುವೆಯ ದಂಡೆಯಿಂದ ನಮ್ಮ ಹೊಲಕ್ಕೆ ಇಳಿಯುವ ದಾರಿಯನ್ನು ಮೊನ್ನೆ ನಾನೇ ನಡೆದು ನೋಡಿದ್ದೇನೆ. ಮೂರು ಕಡೆ ಜಾಲಿ ಬಾಗಿದೆ, ಎರಡು ದಿನದಲ್ಲಿ ಕಡಿಸುತ್ತೇನೆ. ಆ ಕರಿ ಸೈಕಲ್ಲಿನವರನ್ನು ಬಿಟ್ಟು ಬರಬೇಡಿರಿ.